ಗಾಜು ತೊಳೆಯುವ ನೀರು ಯಾರದು, ಬೆವರು ಯಾರದು?

ಚಳ್ಳಕೆರೆ ತಾಲ್ಲೂಕಿನ ಕಾವಲುಗಳು ಅಮೃತಮಹಲ್ ದನಗಳಿಗೆಂದು ಮೈಸೂರು ದೊರೆಗಳ ಕಾಲದಿಂದ ಉಳಿಸಿಕೊಂಡು ಬಂದ ಹುಲ್ಲುಗಾವಲುಗಳು. ದನ ಮೇಯ್ದದ್ದು, ಕುರಿ ಮೇಯ್ದದ್ದು, ಕಂಬಳಿ ನೇಯುವವರ ಹೊಟ್ಟೆ ತುಂಬಿದ್ದು ಎಲ್ಲವೂ ಈ ನೆಲದ ಮೇಲೆಯೇ. 2008ರಿಂದೀಚೆಗೆ ಸರ್ಕಾರ ಈ ನೆಲವನ್ನು ಪಾಲು ಹಾಕಿತು. ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ. ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ಇದೇ ತಾಲ್ಲೂಕಿನ ಕಾವಲ್ ನೆಲದಲ್ಲಿ ಒಂದು ಖಾಸಗಿ ಸೋಲಾರ್ ಕಂಪನಿಗೆ 1,250 ಎಕರೆ. ಗೋಡೆ ಎದ್ದದ್ದು, ಕುರಿಯ ದಾರಿ ಮುಚ್ಚಿದ್ದು, 2013ರಲ್ಲಿ ಮೊಕದ್ದಮೆ ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದ್ದು, ಇವೆಲ್ಲ ಓದುಗರಿಗೆ ತಿಳಿದ ಸಂಗತಿಗಳೇ. ಈ ವಾರ ಹೇಳಬೇಕಾದ ಮಾತು ಬೇರೆ. ನೆಲ ಹೋದ ಮೇಲೆ ನಮ್ಮ ಜನರಿಗೆ ಬರುವ ಕೆಲಸ ಎಂಥದ್ದು?

ಇದಕ್ಕೆ ಉತ್ತರ ಬೇಕಾದವರು ನೆರೆಯ ಪಾವಗಡ ತಾಲ್ಲೂಕಿಗೆ ಹೋಗಿ ನೋಡಲಿ. ತಿರುಮಣಿಯ ಸುತ್ತ ಐದು ಹಳ್ಳಿಗಳ 13,000 ಎಕರೆ ನೆಲದ ಮೇಲೆ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು ನಿಂತಿದೆ. 2018ರಲ್ಲಿ ಉದ್ಘಾಟನೆಯಾಯಿತು. ಭೂಮಿ ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗೇಣಿ ಗೊತ್ತುಮಾಡಿದರು. ಭೂಮಿಯೇ ಇಲ್ಲದೆ ಪರರ ಹೊಲದಲ್ಲಿ ಕಳೆ ಕಿತ್ತು ಬದುಕುತ್ತಿದ್ದವರಿಗೆ ಗೇಣಿಯೂ ಇಲ್ಲ, ಹೊಲವೂ ಇಲ್ಲ. ಅವರಿಗೆ ಉಳಿದದ್ದು ಮೂರು ಕೆಲಸ: ಗೇಟು ಕಾಯುವುದು, ಹುಲ್ಲು ಕೊಯ್ಯುವುದು, ಪ್ಯಾನೆಲ್ ತೊಳೆಯುವುದು. ಅದೂ ಕಂಪನಿಯ ನೌಕರಿಯಲ್ಲ, ಕಂಟ್ರಾಕ್ಟರ ಕೈಕೆಳಗಿನ ಕೂಲಿ.

ಈ ತೊಳೆಯುವ ಗುತ್ತಿಗೆಯ ಬಗ್ಗೆ ಎರಡು ಮಾತನ್ನು ನೇರವಾಗಿ ಆಡಬೇಕಾಗಿದೆ. ಯಾಕೆಂದರೆ ಇದು ಬೆಳೆಯುತ್ತಿರುವ ಕಸುಬು. ಸೋಲಾರ್ ಪ್ಯಾನೆಲ್ ಮಾತ್ರವಲ್ಲ, ಸಂಸ್ಥೆಗಳ ಗೋಡೆ, ಗಾಜು, ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಅಂಗಳ, ಪೆಟ್ರೋಲ್ ಬಂಕಿನ ನೆಲ, ಎಲ್ಲವನ್ನೂ ಈಗ ಜೆಟ್ ಮಿಷನ್ ಹಿಡಿದು ತೊಳೆಯುತ್ತಾರೆ. ಒಂದು ಮಿಷನ್, ಒಂದು ಟ್ಯಾಂಕರ್, ಹತ್ತು ಹುಡುಗರು ಇದ್ದರೆ ಯಾರು ಬೇಕಾದರೂ ಕಂಟ್ರಾಕ್ಟರಾಗಬಹುದೆಂಬ ಭಾವನೆ ಹುಟ್ಟಿದೆ. “ಬರೀ ತೊಳೆಯುವ ಕೆಲಸ ತಾನೇ?” ಎಂಬ ಮಾತು ಕಂಪನಿಯ ಮ್ಯಾನೇಜರ ಬಾಯಲ್ಲೂ ಇದೆ, ಕಂಟ್ರಾಕ್ಟರ ಬಾಯಲ್ಲೂ ಇದೆ. ಅನ್ಯಾಯದ ಬೇರು ಈ ಮಾತಿನಲ್ಲೇ ಇದೆ.

ಬರೀ ತೊಳೆಯುವ ಕೆಲಸವಂತೆ! ಬಯಲುಸೀಮೆಯ ಗಾಳಿ ಎಂಥದೆಂದು ಇಲ್ಲಿ ಹುಟ್ಟಿದವರಿಗೆ ಹೇಳಬೇಕೆ? ಆಷಾಢದಲ್ಲಿ ಕೆಂಪು ಧೂಳು ಅಡುಗೆಮನೆಯ ಮುದ್ದೆಯೊಳಗೂ ಸೇರುತ್ತದೆ. ಆ ಧೂಳು ಗಾಜಿನ ಮೇಲೆ ಕೂತಷ್ಟೂ ಬಿಸಿಲು ಒಳಗೆ ಇಳಿಯುವುದು ಕಡಿಮೆ, ವಿದ್ಯುತ್ತೂ ಕಡಿಮೆ. ಹಕ್ಕಿಯ ಹಿಕ್ಕೆ ಒಂದೇ ಕಡೆ ಗಟ್ಟಿಯಾದರೆ ಆ ಜಾಗ ವಿಪರೀತ ಕಾದು ಪ್ಯಾನೆಲ್ಲೇ ಕೆಡುತ್ತದೆ. ಹಾಗಾದರೆ ಒರಸುವ ಬಟ್ಟೆ ಹಿಡಿದ ಹೆಣ್ಣುಮಗಳೂ ವಿದ್ಯುತ್ತನ್ನು ಉತ್ಪಾದಿಸುತ್ತಿದ್ದಾಳೆ. ಲಾಭದ ಪುಸ್ತಕದಲ್ಲಿ ಅವಳ ಕೈಕೆಲಸದ ಪಾಲು ಎಷ್ಟೆಂದು ಯಾವ ಧಣಿಯೂ ಬರೆಯುವುದಿಲ್ಲ.

ಈಗ ನೀರಿನ ಲೆಕ್ಕ ಹಾಕೋಣ. ನಾಲ್ಕನೆಯ ತರಗತಿಯ ಹುಡುಗನೂ ಮಾಡಬಲ್ಲ ಲೆಕ್ಕ ಇದು. ಒಂದು ಪ್ಯಾನೆಲ್ 330 ವ್ಯಾಟಿನದೆಂದು ಹಿಡಿದರೆ ಒಂದು ಮೆಗಾವ್ಯಾಟಿಗೆ ಸುಮಾರು 3,000 ಪ್ಯಾನೆಲ್ ಬೇಕು. ಪ್ಯಾನೆಲ್ಲಿಗೆ ಎರಡೇ ಲೀಟರ್ ನೀರು ಸುರಿದರೂ ಮೆಗಾವ್ಯಾಟಿಗೆ 6,000 ಲೀಟರ್. 2,050 ಮೆಗಾವ್ಯಾಟನ್ನು ಈ ಲೆಕ್ಕದಲ್ಲಿ ಒಂದು ಸಲ ತೊಳೆದರೆ 1 ಕೋಟಿ 23 ಲಕ್ಷ ಲೀಟರ್. 2019ರಲ್ಲಿ ಆರಂಭವಾದ ಜಲಜೀವನ ಯೋಜನೆ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ ಗೊತ್ತುಮಾಡಿದ ನೀರು 55 ಲೀಟರ್. ಅಂದರೆ ಒಂದು ಸಲದ ತೊಳೆತಕ್ಕೆ ಹೋಗುವುದು 2 ಲಕ್ಷ 23 ಸಾವಿರ ಜನರ ಒಂದು ದಿನದ ನೀರು. ಪೈಪನ್ನು ಹಾಗೇ ಬಿಟ್ಟು ಬೀಡಿ ಹಚ್ಚುವ ಮೇಸ್ತ್ರಿ ಇದ್ದರೆ ಲೆಕ್ಕ ಇನ್ನೂ ಮೇಲಕ್ಕೆ ಹೋಗುತ್ತದೆ. ಪ್ರಪಂಚದಾದ್ಯಂತ ಸೋಲಾರ್ ಪ್ಯಾನೆಲ್ ತೊಳೆಯಲು ವರ್ಷಕ್ಕೆ ಸುಮಾರು 3,800 ಕೋಟಿ ಲೀಟರ್ ನೀರು ಖರ್ಚಾಗುತ್ತಿದೆಯೆಂದೂ, ಅದು 20 ಲಕ್ಷ ಜನರಿಗೆ ಕುಡಿಯಲು ಸಾಕಾಗುವಷ್ಟೆಂದೂ ಅಮೆರಿಕದ ಎಂ.ಐ.ಟಿ. ಸಂಶೋಧಕರು 2022ರಲ್ಲಿ ತಿಳಿಸಿದ್ದಾರೆ.

ಚಳ್ಳಕೆರೆ, ಪಾವಗಡಗಳು ರಾಜ್ಯದಲ್ಲೇ ಅತ್ಯಂತ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿದವು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಕುಡಿಯಬಾರದೆಂದು ಸರ್ಕಾರದ ಮಾನಕವೇ ಹೇಳುತ್ತದೆ. ಹಲ್ಲು ಕಂದಾದ ಮಕ್ಕಳನ್ನು ಶಾಲೆಯ ಬೆಂಚುಗಳ ಮೇಲೆ ನೋಡುತ್ತಲೇ ಇದ್ದೇವೆ. ಕ್ಯಾನು ಹಿಡಿದು ಶುದ್ಧ ನೀರಿನ ಘಟಕದ ಮುಂದೆ ಸಾಲು ನಿಲ್ಲುವ ಊರಿನಲ್ಲಿ ಗಾಜಿಗೆ ಟ್ಯಾಂಕರ್ ನೀರು ಬರುವುದಾದರೆ ಅದನ್ನು ಪ್ರಗತಿಯೆಂದು ಹೇಗೆ ಕರೆಯೋಣ? ಹೊಳೆಯ ನೀರಿಗೆ ದೊಣೆನಾಯಕನ ಅಪ್ಪಣೆ ಏಕೆಂದು ಗಾದೆ ಕೇಳುತ್ತದೆ. ಹೊಳೆಯೇ ಇಲ್ಲದ ಊರಿನಲ್ಲಿ ಕಂಟ್ರಾಕ್ಟರೇ ದೊಣೆನಾಯಕನಾಗುತ್ತಾನೆ.

ಹಾಗಾದರೆ ತೊಳೆಯಲೇ ಬೇಡವೇ? ಬೇಕು. ಸೂರ್ಯನ ವಿದ್ಯುತ್ತು ನಮಗೆ ಬೇಕು. ಕಲ್ಲಿದ್ದಲಿನ ಹೊಗೆಗಿಂತ ಅದು ಮೇಲೆಂಬುದರಲ್ಲಿ ಸಂಶಯವಿಲ್ಲ. ಆದರೆ ತೊಳೆಯುವುದಕ್ಕೂ ಒಂದು ವಿದ್ಯೆ ಇದೆ. ಆ ವಿದ್ಯೆಯನ್ನು ಸರಿಯಾಗಿ ಪಾಲಿಸಿದರೆ ಗಾಜೂ ಉಳಿಯುತ್ತದೆ, ನೀರೂ ಉಳಿಯುತ್ತದೆ, ಮನುಷ್ಯನೂ ಉಳಿಯುತ್ತಾನೆ. ಕಂಟ್ರಾಕ್ಟರ್ ಮಹಾಶಯರು ಈ ಮುಂದಿನ ಮಾತುಗಳನ್ನು ಉಪದೇಶವೆಂದು ತಳ್ಳಿಹಾಕದೆ ಕಸುಬಿನ ಮಾತೆಂದು ಓದಬೇಕು. ಕೆಲಸಗಾರನಿಗೆ ಕೆಟ್ಟದ್ದು ಯಾವುದೋ ಅದು ಮಾಲಿಗೂ ಕೆಟ್ಟದ್ದೆಂಬುದು ಒಂದೊಂದರಲ್ಲೂ ಕಾಣುತ್ತದೆ.

ಮೊದಲನೆಯದು ಹೊತ್ತು. ಬೆಳಗಿನ ಜಾವ ಇಲ್ಲವೇ ಸಂಜೆ ತೊಳೆಯಬೇಕು. ನಡುಮಧ್ಯಾಹ್ನ ಪ್ಯಾನೆಲ್ ಕಾದ ಹೆಂಚಿನಂತಿರುತ್ತದೆ. ಅದರ ಮೇಲೆ ತಣ್ಣೀರು ಬಿದ್ದರೆ ಗಾಜು ಸೀಳಬಹುದು. ನೀರು ಒಡನೆ ಆರಿ ಕಲೆ ಉಳಿಯುತ್ತದೆ. ತೊಳೆಯುವಷ್ಟು ಹೊತ್ತು ವಿದ್ಯುತ್ತೂ ನಷ್ಟ. ಅದೇ ಬಿಸಿಲಲ್ಲಿ ಕೆಲಸಗಾರನ ತಲೆಯೂ ಕಾಯುತ್ತದೆ. ಬೆಳಗಿನ ಜಾವ ಇಬ್ಬನಿ ಬಿದ್ದಿದ್ದರೆ ಧೂಳು ಅರ್ಧ ಸಡಿಲವಾಗಿರುತ್ತದೆ, ನೀರೂ ಕಡಿಮೆ ಸಾಕು. ಮಧ್ಯಾಹ್ನ ದುಡಿಸುವ ಮೇಸ್ತ್ರಿ ಮನುಷ್ಯನಿಗೂ ಗಾಜಿಗೂ ಒಟ್ಟಿಗೇ ದ್ರೋಹ ಮಾಡುತ್ತಾನೆ.

ಎರಡನೆಯದು ಒತ್ತಡ. ಜೆಟ್ ಮಿಷನ್ನಿನ ಗನ್ನು ಪಿಚಕಾರಿಯಲ್ಲ. ಸಣ್ಣ ಮಿಷನ್ನುಗಳೇ 100 ಬಾರ್ ಮೀರಿದ ಒತ್ತಡದಲ್ಲಿ ನೀರು ಎರಚುತ್ತವೆ. ಕೆಂಪು ನಾಜಲ್ ಹಾಕಿದರೆ ನೀರು ಸೂಜಿಯಂತೆ ಒಂದೇ ಗೆರೆಯಾಗಿ ಹೊರಡುತ್ತದೆ. ಹಳದಿಯದು 15 ಡಿಗ್ರಿ, ಹಸಿರಿನದು 25 ಡಿಗ್ರಿ, ಬಿಳಿಯದು 40 ಡಿಗ್ರಿ ಹರಡುತ್ತದೆ. ಪ್ಯಾನೆಲ್ ತಯಾರಿಸಿದ ಕಂಪನಿಯ ಕೈಪಿಡಿ ಒತ್ತಡದ ಮಿತಿಯನ್ನು ಹೇಳಿರುತ್ತದೆ. ಅದನ್ನು ಓದಿ, ಅದಕ್ಕಿಂತ ಕೆಳಗೇ ಇರಬೇಕು. ಹೆಚ್ಚು ಒತ್ತಡದ ನೀರು ಅಂಚಿನ ರಬ್ಬರನ್ನು, ಹಿಂಬದಿಯ ಜಂಕ್ಷನ್ ಬಾಕ್ಸನ್ನು ಹೊಕ್ಕು ಕೆಡಿಸುತ್ತದೆ, ಕಣ್ಣಿಗೆ ಕಾಣದ ಬಿರುಕು ಬಿಡಿಸುತ್ತದೆ. ಅದೇ ನೀರು ಕೈಗೆ ತಗಲಿದರೆ ಚರ್ಮವನ್ನು ಸೀಳಿ ಒಳಗೆ ನುಗ್ಗುತ್ತದೆ. ಹೊರಗೆ ಸಾಸಿವೆಯಷ್ಟು ತೂತು, ಒಳಗೆ ಮಾಂಸವೆಲ್ಲ ಕೊಳೆಯುವಷ್ಟು ಗಾಯ. ಇಂಥ ಗಾಯಕ್ಕೆ ಬಟ್ಟೆ ಸುತ್ತಿ ಮನೆಗೆ ಕಳಿಸುವುದು ಅಪರಾಧ. ಒಡನೆ ದೊಡ್ಡಾಸ್ಪತ್ರೆಗೆ ಒಯ್ದು, ಒತ್ತಡದ ನೀರು ಹೊಕ್ಕಿದೆಯೆಂದೂ ನೀರಿನಲ್ಲಿ ಇಂಥ ಔಷಧಿ ಬೆರೆತಿತ್ತೆಂದೂ ಡಾಕ್ಟರಿಗೆ ತಿಳಿಸಬೇಕು. ಗನ್ನಿನ ಕುದುರೆಯನ್ನು ತಂತಿಯಿಂದ ಕಟ್ಟಿ ಇಡಬಾರದು. ಏಣಿಯ ಮೇಲೆ ನಿಂತು ಗನ್ನು ಹಿಡಿಯಬಾರದು. ಅದರ ಹಿಮ್ಮೆಟ್ಟು ಆಳನ್ನೇ ಕೆಡವುತ್ತದೆ. ಎಂಜಿನ್ ಮಿಷನ್ನನ್ನು ಮುಚ್ಚಿದ ಕೋಣೆಯಲ್ಲಿ ಓಡಿಸಬಾರದು. ಅದರ ಹೊಗೆಯಲ್ಲಿ ವಾಸನೆಯಿಲ್ಲದ ವಿಷವಿದೆ.

ಮೂರನೆಯದು ನೀರಿನ ಗುಣ. ನಮ್ಮ ಬೋರಿನ ನೀರು ಗಡಸು. ಹಾಗೇ ಎರಚಿದರೆ ಸುಣ್ಣದ ಪದರ ಗಾಜಿನ ಮೇಲೆ ಕೂರುತ್ತದೆ, ಆಮೇಲೆ ಯಾವ ಬಟ್ಟೆಗೂ ಹೋಗುವುದಿಲ್ಲ. ಆದುದರಿಂದ ಶುದ್ಧೀಕರಿಸಿದ ನೀರನ್ನು ಬಳಸುತ್ತಾರೆ. ಶುದ್ಧ ಮಾಡುವಾಗ ಒಂದು ಪಾಲು ನೀರು ಉಪ್ಪುನೀರಾಗಿ ಹೊರಗೆ ಬೀಳುತ್ತದೆ. ಅದನ್ನು ಹಳ್ಳಕ್ಕೆ, ಹೊಲಕ್ಕೆ ಹರಿಸಿದರೆ ಮಣ್ಣು ಚೌಳಾಗುತ್ತದೆ. ಇದಕ್ಕೆ ದಾರಿ ಮಳೆನೀರು. ಪ್ಯಾನೆಲ್ ಎಂದರೇನು? ಎಕರೆಗಟ್ಟಲೆ ಇಳಿಜಾರಾದ ಗಾಜಿನ ಮಾಡು. ಅದರ ಮೇಲೆ ಬಿದ್ದ ಮಳೆಯನ್ನು ಸಾಲುಗಳ ಬುಡದಲ್ಲಿ ಕಾಲುವೆ ಮಾಡಿ ಹೊಂಡಕ್ಕೆ ತುಂಬಿ, ಸೋಸಿ ಬಳಸಿದರೆ ಊರಿನ ಬೋರನ್ನು ಮುಟ್ಟಬೇಕಾಗಿಲ್ಲ. ಮಳೆನೀರಿನಷ್ಟು ಮೃದುವಾದ ನೀರು ಬೇರೆ ಯಾವುದಿದೆ?

ನಾಲ್ಕನೆಯದು ನೀರಿನ ಮಿತ. ಮೊದಲು ಮೆತ್ತನೆಯ ಬ್ರಷ್ಷಿನಿಂದ ಒಣಧೂಳನ್ನು ತೆಗೆಯಬೇಕು. ಹಿಕ್ಕೆ ಇದ್ದ ಕಡೆ ಮಾತ್ರ ನೆನೆಸಿ, ಐದು ನಿಮಿಷ ಬಿಟ್ಟು ಉಜ್ಜಬೇಕು. ರಬ್ಬರ್ ವೈಪರಿನಿಂದ ಮೇಲಿಂದ ಕೆಳಕ್ಕೆ ಎಳೆಯಬೇಕು. ಎಲ್ಲ ಸಾಲನ್ನೂ ಪಂಚಾಂಗ ನೋಡಿ ತೊಳೆಯುವ ಬದಲು ಮೀಟರು ನೋಡಿ ತೊಳೆಯಬೇಕು: ಒಂದು ಸಾಲನ್ನು ತೊಳೆದು, ಪಕ್ಕದ ತೊಳೆಯದ ಸಾಲಿನೊಡನೆ ಹೋಲಿಸಿದರೆ ಧೂಳಿನಿಂದ ಎಷ್ಟು ನಷ್ಟವೆಂದು ಗೊತ್ತಾಗುತ್ತದೆ. ನಾಳೆ ಮಳೆಯ ಲಕ್ಷಣವಿದ್ದರೆ ಇಂದು ಟ್ಯಾಂಕರ್ ತರಿಸುವುದು ದುಂದು. ಬಟ್ಟೆ ಸೋಪಿನ ಪುಡಿ, ಆಸಿಡ್ಡು, ಕಬ್ಬಿಣದ ನಾರು ಇವು ಗಾಜಿನ ಹತ್ತಿರ ಬರಕೂಡದು.

ಐದನೆಯದು ವಿದ್ಯುತ್ತು. ಬಿಸಿಲು ಇರುವವರೆಗೆ ಪ್ಯಾನೆಲ್ಲನ್ನು ಆರಿಸುವ ಸ್ವಿಚ್ಚಿಲ್ಲ. ದೊಡ್ಡ ಪಾರ್ಕುಗಳಲ್ಲಿ ಸಾಲಾಗಿ ಜೋಡಿಸಿದ ಪ್ಯಾನೆಲ್ಲುಗಳಲ್ಲಿ 1,000ದಿಂದ 1,500 ವೋಲ್ಟ್ ವರೆಗೆ ಹರಿಯುತ್ತದೆ. ಮನೆಯ ಕರೆಂಟು 230 ವೋಲ್ಟ್ ಎಂಬುದನ್ನು ನೆನಪಿಡಿ. ಒಡೆದ ಪ್ಯಾನೆಲ್, ಕಿತ್ತುಹೋದ ತಂತಿ ಕಂಡರೆ ಆ ಸಾಲಿಗೆ ನೀರು ಹಾಕದೆ ಗುರುತು ಮಾಡಿ ತಿಳಿಸಬೇಕು. ಕರೆಂಟು ತಡೆಯುವ ಬೂಟು, ಕೈಚೀಲ ಇಲ್ಲದೆ ಯಾರನ್ನೂ ಇಳಿಸಬಾರದು. ಬೂಟು ಹಾವು ಚೇಳಿಗೂ ಬೇಕು. ಪ್ಯಾನೆಲ್ಲಿನ ನೆರಳಿನ ಹುಲ್ಲು ಅವುಗಳಿಗೆ ಅರಮನೆ. ಪ್ಯಾನೆಲ್ ಮೇಲೆ ಹತ್ತಿ ನಡೆಯುವುದಂತೂ ಗಾಜಿಗೂ ಕಾಲಿಗೂ ಕೇಡು.

ಆರನೆಯದು ಗೋಡೆ, ಮಾಡು, ಅಂಗಳ. ಗಾರೆಯ ಹಳೆಯ ಗೋಡೆಗೆ, ಕಲ್ಲುಗುಡಿಗೆ, ಶಾಸನದ ಕಲ್ಲಿಗೆ ಜೆಟ್ ಹಿಡಿಯಬಾರದು. ನೂರಾರು ವರ್ಷ ನಿಂತ ಸಂದಿನ ಗಾರೆ ಒಂದು ಮಧ್ಯಾಹ್ನದಲ್ಲಿ ಕೊಚ್ಚಿಹೋಗುತ್ತದೆ. ಮಿಲ್ಲುಗಳ ಹಳೆಯ ಆಸ್‌ಬೆಸ್ಟಾಸ್ ಶೀಟಿಗೆ ಜೆಟ್ ಹಿಡಿದರೆ ಅದರ ನಾರು ಎದ್ದು ಶ್ವಾಸಕೋಶ ಸೇರುತ್ತದೆ. ಶೀಟಿನ ಮೇಲೆ ಕಾಲಿಟ್ಟರೆ ಮುರಿದು ಬೀಳುತ್ತದೆ. ಎಣ್ಣೆ ಬಿದ್ದ ಅಂಗಳಕ್ಕೆ ಮೊದಲು ಮರದ ಹೊಟ್ಟು ಹರಡಿ ಗುಡಿಸಿದರೆ ಅರ್ಧ ಎಣ್ಣೆ ಅದರಲ್ಲೇ ಹೋಗುತ್ತದೆ. ನೇರವಾಗಿ ಸೋಪು ನೀರು ಎರಚಿದರೆ ಆ ಜಿಡ್ಡೆಲ್ಲ ಮೋರಿ ಹಿಡಿದು ಕೆರೆ ಸೇರುತ್ತದೆ.

ಇಷ್ಟನ್ನು ಓದಿದ ಕಂಟ್ರಾಕ್ಟರು ಕೇಳುತ್ತಾರೆ: “ಸ್ವಾಮಿ, ಇದೆಲ್ಲ ನಮಗೂ ಗೊತ್ತು. ಟೆಂಡರಿನ ದರದಲ್ಲಿ ಗಿಟ್ಟಬೇಕಲ್ಲ?” ಸರಿಯಾದ ಪ್ರಶ್ನೆಯೇ. ಸಣ್ಣ ಕಂಟ್ರಾಕ್ಟರಲ್ಲಿ ಅನೇಕರು ನಿನ್ನೆ ತಾವೇ ಟ್ಯಾಂಕರ್ ಓಡಿಸಿದವರು. ಅವರನ್ನು ಬಂಡವಾಳಗಾರರೆಂದು ಹಳಿಯುವುದರಲ್ಲಿ ಅರ್ಥವಿಲ್ಲ. ಮೆಗಾವ್ಯಾಟಿಗೆ ಇಷ್ಟು ರೂಪಾಯಿಯೆಂದು ಯಾರು ಕಡಿಮೆ ಕೂಗುತ್ತಾರೋ ಅವರಿಗೆ ಗುತ್ತಿಗೆ. ಒಬ್ಬ ಹತ್ತು ರೂಪಾಯಿ ಇಳಿಸಿದರೆ ಇನ್ನೊಬ್ಬ ಹದಿನೈದು ಇಳಿಸುತ್ತಾನೆ. ಇಳಿಸಿದ ಹಣ ಎಲ್ಲಿಂದ ಬರುತ್ತದೆ? ಡೀಸೆಲ್ಲಿನ ಬೆಲೆ ಇಳಿಯುವುದಿಲ್ಲ, ಮಿಷನ್ನಿನ ಕಂತು ಇಳಿಯುವುದಿಲ್ಲ. ಇಳಿಯುವುದು ಎರಡೇ: ದುಡಿಯುವವನ ಕೂಲಿ ಬೂಟುಗಳು ಒಂದು, ಊರಿನ ಪುಕ್ಕಟೆ ನೀರು ಇನ್ನೊಂದು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ! ಹೀಗೆ ಉಳಿದ ಹಣ ಕಂಟ್ರಾಕ್ಟರ ಜೇಬಿನಲ್ಲೂ ನಿಲ್ಲುವುದಿಲ್ಲ. ಅದು ಕಂಪನಿಯ ಲಾಭಕ್ಕೆ ಸೇರುತ್ತದೆ. ಕಂಟ್ರಾಕ್ಟರು ಇದನ್ನು ತಿಳಿದುಕೊಳ್ಳಬೇಕು. ಅವರು ಕೂಲಿಕಾರರೊಡನೆ ನಿಂತು ದರದ ತಳವನ್ನು ಗೊತ್ತುಮಾಡಿಸಿಕೊಳ್ಳದಿದ್ದರೆ ಇಂದು ಕೂಲಿಯವನು ಬಿದ್ದ ಹಳ್ಳಕ್ಕೆ ನಾಳೆ ತಾವೂ ಬೀಳುತ್ತಾರೆ.

ಇನ್ನು ಕಂಪನಿಯ ಮಾತು: “ಅವರು ನಮ್ಮ ಕೆಲಸಗಾರರಲ್ಲ, ಕಂಟ್ರಾಕ್ಟರ ಕೆಲಸಗಾರರು.” ಈ ಮಾತಿಗೆ ಕಾಯಿದೆಯೂ ಕೊಡೆ ಹಿಡಿದಿದೆ. 1970ರ ಗುತ್ತಿಗೆ ಕಾರ್ಮಿಕರ ಕಾಯಿದೆ 20 ಮಂದಿ ಇದ್ದ ಕಡೆ ಅನ್ವಯಿಸುತ್ತಿತ್ತು. ಅದರ ಜಾಗಕ್ಕೆ ಬಂದ 2020ರ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರಿನಲ್ಲಿ ಜಾರಿಗೆ ಬಂದು, ಆ ಸಂಖ್ಯೆಯನ್ನು 50ಕ್ಕೆ ಏರಿಸಿತು. 49 ಮಂದಿಯನ್ನು ಇಟ್ಟುಕೊಂಡವನಿಗೆ ಗುತ್ತಿಗೆಯ ಅಧ್ಯಾಯವೇ ಇಲ್ಲ! ಸಂಸ್ಥೆಯ ಮುಖ್ಯ ಕೆಲಸಕ್ಕೆ ಗುತ್ತಿಗೆ ಆಳನ್ನು ಹಚ್ಚಬಾರದೆಂದು ಅದೇ ಸಂಹಿತೆ ಹೇಳುತ್ತದೆ. ಆದರೆ ಗುಡಿಸುವುದು, ತೊಳೆಯುವುದು, ಧೂಳು ಹೊಡೆಯುವುದು ಮುಖ್ಯ ಕೆಲಸವಲ್ಲವೆಂದೂ ಅಲ್ಲೇ ಬರೆದಿದೆ. ಅಂಗಡಿಯ ಬಾಗಿಲು ಗುಡಿಸುವುದೂ ಸೋಲಾರ್ ಗಾಜನ್ನು ತೊಳೆಯುವುದೂ ಒಂದೇ ಎಂದು ಯಾವ ಪಂಡಿತ ತೀರ್ಮಾನಿಸಿದ? ಗಾಜು ಕೊಳಕಾದರೆ ಕರೆಂಟಿಲ್ಲ, ಕರೆಂಟಿಲ್ಲದಿದ್ದರೆ ಕಂಪನಿಯಿಲ್ಲ. ಇಲ್ಲಿ ತೊಳೆಯುವುದೇ ಉತ್ಪಾದನೆ. ಕಂಟ್ರಾಕ್ಟರ್ ಕೂಲಿ ಕೊಡದೆ ಹೋದರೆ ಮೂಲ ಮಾಲಿಕನೇ ಕೊಡತಕ್ಕದ್ದೆಂಬ ನಿಯಮ ಹಳೆಯ ಕಾಯಿದೆಯಲ್ಲೂ ಇತ್ತು, ಹೊಸದರಲ್ಲೂ ಇದೆ. ಕೂಲಿಕಾರರು ಇದನ್ನು ಬಾಯಿಪಾಠ ಮಾಡಿಟ್ಟುಕೊಳ್ಳಬೇಕು.

ಮೂರನೆಯ ಮಾತೊಂದಿದೆ: “ನೀರೇ ಬೇಡದ ಯಂತ್ರ ಬಂದಿದೆ, ಆಳೇ ಬೇಡ.” ನಿಜ, ನೀರಿಲ್ಲದೆ ಬ್ರಷ್ಷಿನಿಂದ ಗಾಜು ಒರಸುತ್ತ ಸಾಲಿನುದ್ದಕ್ಕೂ ಓಡುವ ಯಂತ್ರಗಳು ಮರುಭೂಮಿಯ ಪಾರ್ಕುಗಳಲ್ಲಿ ಕೆಲಸ ಮಾಡುತ್ತಿವೆ. ಬಯಲುಸೀಮೆಗೆ ಅವು ಬರಲಿ. ನೀರು ಉಳಿಸುವ ಯಂತ್ರವನ್ನು ವಿರೋಧಿಸುವಷ್ಟು ಮೂಢರು ನಾವಲ್ಲ. ಆದರೆ ಯಂತ್ರಕ್ಕೂ ಬ್ರಷ್ಷು ಸವೆಯುತ್ತದೆ, ಬ್ಯಾಟರಿ ಸಾಯುತ್ತದೆ, ಗಾಲಿ ಕಳಚುತ್ತದೆ. ಅದನ್ನು ನಡೆಸುವ, ರಿಪೇರಿ ಮಾಡುವ ವಿದ್ಯೆಯನ್ನು ಇಂದು ಬಟ್ಟೆ ಹಿಡಿದವರಿಗೇ, ಊರಿನ ಐಟಿಐ ಹುಡುಗ ಹುಡುಗಿಯರಿಗೇ ಕಲಿಸಿ ಕೊಡಲಿ. ನೆಲ ಕಳೆದುಕೊಂಡವನಿಂದ ತೊಳೆಯುವ ಕೆಲಸವನ್ನೂ ಕಿತ್ತುಕೊಂಡು ಕೈತಟ್ಟುವುದು ಯಾವ ವಿಜ್ಞಾನ? 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ವಾಹನ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ತಾನೇ ದಾರಿ ಹುಡುಕಿಕೊಂಡು ಬಂದು ಇಳಿದದ್ದು ಚಳ್ಳಕೆರೆಯ ಕಾವಲಿನ ರನ್‌ವೇ ಮೇಲೆಯೇ. ಅಷ್ಟು ಬುದ್ಧಿ ಪಡೆದ ನಾಡಿಗೆ ಒಂದು ಜೊತೆ ಬೂಟು, ಒಂದು ಮಳೆಹೊಂಡ, ಒಂದು ನ್ಯಾಯವಾದ ದರ ಗೊತ್ತುಮಾಡುವ ಬುದ್ಧಿ ಇಲ್ಲವೆಂದರೆ ನಂಬಲು ಸಾಧ್ಯವೇ?

ಆದುದರಿಂದ ನಮ್ಮ ಒತ್ತಾಯಗಳು ಇವು. ಕಾವಲ್ ಸೀಮೆಯ ಯಾವುದೇ ಸಂಸ್ಥೆ, ಕಂಪನಿ ತೊಳೆಯುವ ಗುತ್ತಿಗೆ ಕೊಡುವಾಗ ಕೂಲಿ, ವಿಮೆ, ಬೂಟು, ಕೈಚೀಲಗಳ ಖರ್ಚನ್ನು ದರದಿಂದ ಬೇರೆ ಇಟ್ಟು, ಅದರ ಮೇಲೆ ಪೈಪೋಟಿ ನಡೆಯದಂತೆ ಮಾಡಬೇಕು. ಎಷ್ಟು ನೀರು, ಯಾವ ಮೂಲದಿಂದ, ಎಷ್ಟು ಸಲವೆಂಬ ಲೆಕ್ಕವನ್ನು ಪ್ರತಿ ತಿಂಗಳೂ ಗ್ರಾಮ ಪಂಚಾಯಿತಿಯ ಹಲಗೆಯ ಮೇಲೆ ಬರೆಯಬೇಕು. ಕುಡಿಯುವ ನೀರಿನ ಬೋರಿನಿಂದ ತೊಳೆಯಲು ಒಂದು ಕೊಡವನ್ನೂ ಎತ್ತಬಾರದು. ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಕೂಲಿ. ನಡುಮಧ್ಯಾಹ್ನ ಕೆಲಸವಿಲ್ಲ. ಕೂಲಿ ಬಾಕಿ ಉಳಿದರೆ ಕಂಪನಿಯೇ ಹೊಣೆ.

ಉಳ್ಳಾರ್ತಿ, ದೊಡ್ಡ ಉಳ್ಳಾರ್ತಿ, ಕುದಾಪುರದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ನೀರಿನ ಲೆಕ್ಕ ಕೇಳಿ, ಕೇಳಿದ್ದನ್ನು ನಡವಳಿ ಪುಸ್ತಕದಲ್ಲಿ ಬರೆಸಿ. ಕಂಟ್ರಾಕ್ಟರ ಕೈಕೆಳಗೆ ಹತ್ತೇ ಮಂದಿ ಇದ್ದರೂ ಒಂದು ಸಂಘ ಕಟ್ಟಿಕೊಳ್ಳಿ. ಕಾಯಿದೆ 50ರಿಂದ ಎಣಿಸಲು ಶುರುಮಾಡಿದರೂ ನ್ಯಾಯ ಒಬ್ಬನಿಂದಲೇ ಶುರುವಾಗುತ್ತದೆ. ನಿಮ್ಮ ಕೈ ಬಿದ್ದ ಗಾಜಿನಲ್ಲಿ ಸೂರ್ಯ ಹೊಳೆಯುತ್ತಾನೆ. ಆ ಹೊಳಪಿನ ಒಂದು ಪಾಲು ನಿಮ್ಮ ಮನೆಯ ದೀಪಕ್ಕೂ ನಿಮ್ಮ ಕೊಡದ ನೀರಿಗೂ ಸಲ್ಲಬೇಕೆಂದು ಕೇಳುವುದು ಭಿಕ್ಷೆಯಲ್ಲ, ಹಕ್ಕು.